ಶಾಬುದ್ದೀನರ ಉರಿದ ಕೈ

"ನನ್ನ ಗಂಡ ಬಸ್‌ಸ್ಟ್ಯಾಂಡಿನಾಗ ಸತ್ತಿಲ್ರಿ ಮೇಡಂ, ಗೋದಾಮಿನಾಗ ಸತ್ತಾನ. ಆದ್ರ ಹಂಗಂತ ಹೇಳವ್ರು ಯಾರೂ ಇಲ್ಲ."

ರಾಣೆಬೆನ್ನೂರಿನ ಮಹಮೂದಾಬೇಗಂ ಹೀಗೆಂದು ಹಾವೇರಿಯ ನಮ್ಮ ಕಚೇರಿಯ ಬೆಂಚಿನ ಮೇಲೆ ಕುಸಿದಳು. ನಾನು ಕೊಟ್ರೇಶ, ವಕೀಲೆ ಪುಷ್ಪಲತಾ ಅವರ ಗುಮಾಸ್ತ. ಪೊಲೀಸರು ಕೈಬಿಟ್ಟ ಗಂಟುಗಳನ್ನು ಬಿಡಿಸುವ ಅವರ ತಲೆಗೆ ನಾನು ಎಂದೋ ಶರಣಾದವನು. ಆ ತಲೆಯ ಹಿಂದೆ ಊರೂರು ಅಲೆಯುವ ಕಾಲುಗಳು ಮಾತ್ರ ನನ್ನವು.

ಅವಳ ಗಂಡ ಶಮಶೇರಸಾಬ ಬ್ಯಾಡಗಿಯಲ್ಲಿ ಅಂದಾನೆಪ್ಪನವರ ಮೆಣಸಿನಕಾಯಿ ಗೋದಾಮಿನಲ್ಲಿ ಚೀಲ ಹೊರುವ ಹಮಾಲ. ಹೋದ ತಿಂಗಳ ಒಂದು ಸೋಮವಾರ ಅವಳ ತಮ್ಮ ಅಬ್ರಾರ ಟಂಟಂ ಗಾಡಿಯಲ್ಲಿ ಹೆಣ ತಂದ. ಅವನೂ ಅಲ್ಲೇ ಹಮಾಲ. ಭಾವ ಬ್ಯಾಡಗಿ ಬಸ್‌ಸ್ಟ್ಯಾಂಡಿನಲ್ಲಿ ಎದೆ ಹಿಡಿದು ಬಿದ್ದನೆಂದ. ದವಾಖಾನೆಗೆ ಒಯ್ದರೆ ಕೊಯ್ಯುತ್ತಾರೆಂದು ಅವಸರಪಡಿಸಿ ಅಂದೇ ಮಣ್ಣು ಮಾಡಿಸಿದ. ಪರಿಹಾರಕ್ಕೆ ಅರ್ಜಿ ಹಾಕಿದರೆ, ಆವತ್ತು ಅವನು ಕೆಲಸಕ್ಕೇ ಬಂದಿರಲಿಲ್ಲವೆಂದು ಅಂದಾನೆಪ್ಪನವರು ಬರೆದುಕೊಟ್ಟರು. ಅಂದು ಬೆಳಿಗ್ಗೆ ಗೋದಾಮಿಗೆಂದೇ ಅವನು ಮನೆ ಬಿಟ್ಟದ್ದನ್ನು ಇವಳು ಕಂಡಿದ್ದಳು. ಎರಡು ಹೆಣ್ಣುಮಕ್ಕಳು, ಬಾಡಿಗೆ ಮನೆ. ಅರ್ಜಿ ಬಿದ್ದುಹೋದರೆ ಇವಳಿಗೆ ಬೇರೆ ಗತಿಯಿಲ್ಲ.

"ಮಣ್ಣಿಗಿಂತ ಮುಂಚೆ ಮೈ ತೊಳದವ್ರು ಯಾರು?" ಎಂದರು ಮೇಡಂ.

ತನ್ನೂರಿನ ಶಾಬುದ್ದೀನ ಎಂಬ ಹಿರಿಯರು ಎಂದಳು. ಮರುದಿನ ರಾಣೆಬೆನ್ನೂರಿಗೆ ಹೋದೆವು. ಹೆಣದ ಮೇಲೆ ಏನು ಕಂಡಿರೆಂದು ಕೇಳಿದರೆ ಮುದುಕರು ತಲೆಯಾಡಿಸಿಬಿಟ್ಟರು.

"ಮಯ್ಯತ್ ಮ್ಯಾಲೆ ಕಂಡದ್ದನ್ನ ಹೇಳೂದು ನಮ್ಮಲ್ಲಿ ಪಾಪರಿ. ನನ್ನ ಕೈ ಬಗ್ಗೆ ಬೇಕಾದ್ರ ಕೇಳ್ರಿ, ಹೇಳ್ತೀನಿ. ಬಟ್ಟಿ ಸುತ್ಕೊಂಡು ತೊಳದ್ರೂ ಎರಡು ದಿನ ಉರದಾವು."

ಅಲ್ಲಿಂದ ಬ್ಯಾಡಗಿಗೆ. ಮುದುಕರ ಕೈ ಉರಿದದ್ದನ್ನು ಹೇಳಿದರೆ ಅಂದಾನೆಪ್ಪನವರು ನಕ್ಕರು. "ಹಮಾಲನ ಮೈಮ್ಯಾಗ ಮೆಣಸಿನಕಾಯಿ ಧೂಳ ಇರ್ಲಾರದ ಅತ್ತರ ಇರ್ತೈತೇನ್ರಿ?"

"ಅದೂ ಖರೇನ. ಮನಿಗೆ ಒಂದು ಕಿಲೋ ಖಾರದ ಕಾಯಿ ಸಿಗ್ತಾವೇನ್ರಿ?" ಎಂದರು ಮೇಡಂ.

"ನಮ್ಮ ಬ್ಯಾಡಗಿ ಕಾಯಿ ಬಣ್ಣಕ್ಕ ಹೆಸರು, ಖಾರಕ್ಕಲ್ಲ. ಗುಂಟೂರು ಕಾಯಿ ನಾವು ಇಡೂದಿಲ್ಲ. ಆ ಸೋಮವಾರ ಒಂದ ಲಾರಿ ಬಂದಿತ್ತು, ಮರುದಿನ ಕಳಿಸಿಬಿಟ್ವಿ. ಈಗ ಆಳುಗಳ ತ್ರಾಸ ಬ್ಯಾರೆ. ಅಬ್ರಾರನೂ ಅವತ್ತಿನಿಂದ ಬಂದಿಲ್ಲ, ಎಷ್ಟು ಕರದ್ರೂ ಒಲ್ಲೆ ಅಂತಾನ."

ಶನಿವಾರ ಮೇಡಂ ಅಂದಾನೆಪ್ಪನವರನ್ನೂ ಅಕ್ಕ-ತಮ್ಮಂದಿರನ್ನೂ ನಮ್ಮ ಕಚೇರಿಗೆ ಕರೆಸಿದರು.

"ಎರಡು ದಿನ ಕೈ ಉರಿಸೂವಷ್ಟು ಖಾರ ಬ್ಯಾಡಗಿ ಕಾಯಿಗಿಲ್ಲ," ಎಂದು ಮೇಡಂ ಶುರು ಮಾಡಿದರು. "ಅಂದ್ರ ಶಾಬುದ್ದೀನರು ತೊಳದದ್ದು ಗುಂಟೂರು ಕಾಯಿ ಧೂಳ. ಅದು ಗೋದಾಮಿನಾಗ ಇದ್ದದ್ದು ಆ ಸೋಮವಾರ. ಕೆಲಸಕ್ಕ ಬರಲಾರದವನ ಮೈಗೆ ಅದು ಹೆಂಗ ಹತ್ತಿತ್ರಿ?"

ಅಂದಾನೆಪ್ಪನವರು ತಲೆ ತಗ್ಗಿಸಿದರು. "ಕೆಲಸಕ್ಕ ಬಂದಿದ್ದು ಖರೆ. ಅಬ್ರಾರ ಬಸ್‌ಸ್ಟ್ಯಾಂಡ್ ಅಂದ. ನಾ ಹೂಂ ಅಂದೆ."

"ಹೌದು, ಸುಳ್ಳು ಕಟ್ಟಿದವನು ಅಬ್ರಾರ. ಆದ್ರ ಮಾಲಕರ ಸಲುವಾಗಿ ಹೇಳಿದ್ದಿದ್ರ ಅವ್ರ ಹತ್ರನ ದುಡಕೊಂಡು ಇರ್ತಿದ್ದ. ಇವನು ಕರದ್ರೂ ಹೋಗವಲ್ಲ. ಸುಳ್ಳು ಹೇಳಿದ್ದು ತನ್ನ ಸಲುವಾಗಿ. ಹೌದಲ್ಲೋ?"

ಅಬ್ರಾರ ಅಕ್ಕನ ಕಡೆ ತಿರುಗಿದ. "ಲಗೂ ಮುಗಿಸೂಣು ಅಂತ ಒಟ್ಟಿದ ಚೀಲದಾಗ ತಳದ್ದು ಎಳದ್ನಿ ಆಪಾ. ನಾವಿಬ್ಬರ ಇದ್ವಿ, ಭಾವ ಆ ಕಡೆ ನಿಂತಿದ್ರು. ಚೀಲ ಎಲ್ಲಾ ಅವರ ಮ್ಯಾಲೆ ಬಿದ್ದು ಒಡದು... ಧೂಳ ಮೂಗು ಬಾಯಿ ತುಂಬಿ ಉಸಿರ ನಿಂತಿತ್ತು."

ಗಂಟು ಬಿಚ್ಚಿತ್ತು. ಆದರೆ ಮೇಡಂ ಮುಖದಲ್ಲಿ ಗೆಲುವಿರಲಿಲ್ಲ.

"ಇದನ್ನ ಕೋರ್ಟಿನಾಗ ಹೇಳಿದ್ರ ನಿಮ್ಮ ಅಕ್ಕನ ಅರ್ಜಿ ಗೆಲ್ತೈತಿ. ಮಾಲಕರು ಒಪ್ಪಲಿಲ್ಲಂದ್ರ ಬ್ಯಾರೆ ಸಾಕ್ಷಿ ಇಲ್ಲ. ಆದ್ರ ನಿನ್ನ ಮ್ಯಾಲೆ ಪೊಲೀಸ್ ಕೇಸ್ ಆಗೂದನ್ನ ತಪ್ಪಿಸಾಕ ನನ್ನ ಕೈಲೆ ಆಗೂದಿಲ್ಲ."

"ಹೇಳ್ತೀನ್ರಿ," ಎಂದ ಅಬ್ರಾರ.

"ಬ್ಯಾಡ," ಎಂದಳು ಮಹಮೂದಾಬೇಗಂ. "ಇವನ್ನ ಜೈಲಿಗೆ ಕಳಿಸಿ ತಂದ ಅನ್ನ ನನ್ನ ಮಕ್ಕಳ ಗಂಟಲಾಗ ಇಳಿಯೂದಿಲ್ರಿ. ಅರ್ಜಿ ವಾಪಸ್ ತಗೋತೀನಿ."

"ನೀವಾದ್ರೂ ಒಪ್ಕೊಂಡು ಪರಿಹಾರ ಕೊಡ್ರೀ!" ಎಂದು ನಾನು ಅಂದಾನೆಪ್ಪನವರ ಮೇಲೆ ಹರಿಹಾಯ್ದೆ.

"ನಮ್ಮ ವಕೀಲರನ್ನ ಕೇಳಬೇಕಾಕ್ಕೈತಿ," ಎಂದು ಅವರು ಎದ್ದು ಹೋದರು.

ಮೇಡಂ ಅವಳಿಗೆ ತಾಸುಗಟ್ಟಲೆ ಬುದ್ಧಿ ಹೇಳಿದರು. ಅವಳು ಕದಲಲಿಲ್ಲ. ಕೊನೆಗೆ ಅರ್ಜಿ ವಾಪಸ್ ಪಡೆಯುವ ಕಾಗದ ನಾನೇ ಬರೆದೆ. ಅದಕ್ಕಿಂತ ಕೆಟ್ಟ ಕೆಲಸವನ್ನು ನಾನು ಈ ಕೈಯಿಂದ ಎಂದೂ ಮಾಡಿಲ್ಲ.

ಸಹಿ ಹಾಕಿ ಎದ್ದವಳ ಕಾಲು ಹಿಡಿಯಲು ಅಬ್ರಾರ ಬಾಗಿದ. ಅವಳು ಹಿಂದೆ ಸರಿದಳು.

"ಇನ್ನ ನಮ್ಮ ಮನಿಗೆ ಬರಬ್ಯಾಡ," ಎಂದಳು.