ಕೊನೆಯ ರೀಲಿನ ಡಬ್ಬಿಯಲ್ಲಿ ಸಕ್ಕರೆ

೧೯೮೩ರ ಫೆಬ್ರವರಿ, ಶುಕ್ರವಾರ ಬೆಳಿಗ್ಗೆ ನಾಂಪಲ್ಲಿ ಠಾಣೆಗೆ ಕನ್ನಡ ಸಂಘವೊಂದರ ಕಾರ್ಯದರ್ಶಿ ಚನ್ನಬಸಪ್ಪ ದೂರು ಹಿಡಿದು ಬಂದರು. ಭಾನುವಾರ ಸಂಘದಲ್ಲಿ ತೋರಿಸಬೇಕಿದ್ದ ‘ಹಾಳುಬಾವಿಯ ನೆರಳು’ ಎಂಬ ಹಳೆಯ ದೆವ್ವದ ಚಿತ್ರದ ಕೊನೆಯ ರೀಲು ಕಳುವಾಗಿತ್ತು. ಇಪ್ಪತ್ತೈದು ವರ್ಷದ ಹಿಂದೆ ಆ ಚಿತ್ರವನ್ನು ಯಾರೂ ಬೈದಿರಲಿಲ್ಲ, ಹೊಗಳಿಯೂ ಇರಲಿಲ್ಲ. ಪಾಪ, ಎರಡನೇ ವಾರಕ್ಕೇ ಗಂಟುಮೂಟೆ ಕಟ್ಟಿತ್ತು. ಉಳಿದದ್ದು ಇದೊಂದೇ ಪ್ರತಿ. ಭಾನುವಾರ ಅದರ ನಿರ್ದೇಶಕ ನರಸಿಂಹರಾಯರಿಗೆ ಸನ್ಮಾನವೂ ಇತ್ತು.

ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ ಜಯತೀರ್ಥ ಸಂಘಕ್ಕೆ ಹೋದರು. ಬೀಗ ಒಡೆದಿರಲಿಲ್ಲ. ಕೊನೆಯ ರೀಲಿನ ಡಬ್ಬಿ ಮಾತ್ರ ಅಲ್ಲೇ ಇತ್ತು; ಪಂಚನಾಮೆಗೆಂದು ತೆರೆಸಿದರೆ ಒಳಗೆ ಒಂದು ಹಿಡಿ ಸಕ್ಕರೆ.

“ಯಾರೋ ಚೇಷ್ಟೆ ಮಾಡ್ಯಾರ್ರಿ ಸರ್,” ಎಂದ ಕಾನ್‌ಸ್ಟೇಬಲ್ ಹನುಮಂತ.

ಜಯತೀರ್ಥರಿಗೆ ರಾಯಚೂರಿನ ತಾಯಿ ನೆನಪಾದರು. ನೆರೆಮನೆಯ ಡಬ್ಬಿಯನ್ನು ಆಕೆ ಒಮ್ಮೆಯೂ ಬರಿದಾಗಿ ಹಿಂತಿರುಗಿಸಿದವರಲ್ಲ. ಏನೂ ಇಲ್ಲದಿದ್ದರೆ ಸಕ್ಕರೆಯಾದರೂ ಹಾಕುತ್ತಿದ್ದರು. ಕದಿಯಲು ಬಂದಾಗಲೂ ಆ ರೂಢಿ ಬಿಡದವಳು ನಮ್ಮ ಕಡೆಯ ಹೆಂಗಸೇ ಎಂದುಕೊಂಡು ಅವರಿಗೆ ನಗು ಬಂತು.

“ಸಕ್ಕರಿ ಎಲ್ಲಿಟ್ಟಿರ್ತೀರಿ?” ಎಂದು ಚನ್ನಬಸಪ್ಪನವರನ್ನು ಕೇಳಿದರು.

“ಅಡಿಗಿ ಖೋಲ್ಯಾಗ್ರಿ.”

“ನಿನ್ನೆ ಕೀಲಿಕೈ ಯಾರ ಕಡೆ ಇತ್ತು?”

ಚನ್ನಬಸಪ್ಪ ತಡವರಿಸಿದರು. “ಸುಂದರಾಬಾಯಿಯವರ ಕಡೆರಿ. ನರಸಿಂಹರಾಯರ ಹೆಂಡ್ತಿ. ಭಜನಿಗೆ ಬಂದಿದ್ರು.”

ರೀಲು ಅವರ ಮನೆಯ ಅಕ್ಕಿ ಡಬ್ಬದಲ್ಲಿ ಸಿಕ್ಕಿತು. ಸುಂದರಾಬಾಯಿ ಏನನ್ನೂ ಅಲ್ಲಗಳೆಯಲಿಲ್ಲ.

“ದೆವ್ವದ ವೇಷ ನಂದೇರಿ. ಕೊನಿ ಸೀನ್ ತಗಿಯೋವಾಗ ಕಾಲಾಗ ಗಾಜು ನಟ್ಟಿತ್ತು. ಇವರಿಗೆ ಹೇಳದೇ ಚಪ್ಪಲಿ ಮೆಟ್ಟಿ ನಡದೆ. ಥೇಟರಿನ್ಯಾಗ ಮಂದಿ ದೆವ್ವದ ಚಪ್ಪಲಿ ನೋಡಿ ಬಿದ್ದು ಬಿದ್ದು ನಕ್ಕರು. ಆಮ್ಯಾಲೆ ಇವರಿಗೆ ಯಾರೂ ಚಿತ್ರ ಕೊಡಲಿಲ್ಲ. ಸನ್ಮಾನದ ದಿನಾನೂ ನಗಸಬೇಕೇನ್ರಿ? ಭಾನುವಾರ ಮುಗದ ಮ್ಯಾಲೆ ಅಲ್ಲೇ ಇಟ್ಟು ಬರಾಕಿ ಇದ್ದೆ.”

ನರಸಿಂಹರಾಯರು ಯಾವಾಗಲೋ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದರು.

“ಚಪ್ಪಲಿ ಕ್ಯಾಮೆರಾದಾಗ ಅವತ್ತೇ ಕಂಡಿತ್ತು, ಸುಂದರಾ. ನಿನ್ನ ಕಾಲಾಗ ರಕ್ತ ಬರಾಕತ್ತಿದ್ದೂ ಕಂಡಿತ್ತು. ಮತ್ತೊಮ್ಮೆ ನಡಿ ಅನ್ನಾಕ ನನಗ ಮನಸ್ಸಾಗಲಿಲ್ಲ.”

ಸುಂದರಾಬಾಯಿ ಗಂಡನ ಮುಖವನ್ನೇ ನೋಡುತ್ತ ನಿಂತರು. ಜಯತೀರ್ಥರು ತೆಗೆದ ಪೆನ್ನನ್ನು ಮತ್ತೆ ಜೇಬಿಗಿಟ್ಟರು. ಆದರೆ ದೂರು ದಾಖಲಾಗಿತ್ತು, ಮಾಲು ಸಿಕ್ಕಿತ್ತು. ಮಹಿಳಾ ಕಾನ್‌ಸ್ಟೇಬಲ್ ಬಂದ ಮೇಲೆ ಬಂಧನದ ಕಾಗದ ಬರೆದರು. ಕಾರಣವೆಂಬಲ್ಲಿ ಒಂದೇ ಸಾಲು: ಗಂಡನನ್ನು ನೋಡಿ ಮತ್ತೆ ಯಾರೂ ನಗಬಾರದೆಂದು.

ಜೀಪಿನತ್ತ ಸುಂದರಾಬಾಯಿ ಬರಿಗಾಲಲ್ಲೇ ಹೊರಟಿದ್ದರು. ರಾಯರು ಹಿಂದೆಯೇ ಬಂದು, ಬಗ್ಗಿ, ಚಪ್ಪಲಿಗಳನ್ನು ಆಕೆಯ ಕಾಲ ಬಳಿ ಇಟ್ಟರು.