ಎಂಟು ದಿನದ ದಾರಿ

ವಾಟ್ಸಾಪ್ ಗುಂಪಿನಲ್ಲಿ ತನ್ನ ಹೆಸರು ಕಂಡಾಗ ವಿಭಾ ಹೊನ್ನಾವರದ ಆಸ್ಪತ್ರೆಯಲ್ಲಿ, ನರ್ಸುಗಳ ಕೋಣೆಯಲ್ಲಿ ಚಾ ಕುಡಿಯುತ್ತಿದ್ದಳು. ಮೇ ತಿಂಗಳಲ್ಲಿ ಹಿಮಾಲಯದ ಹದಿನಾಲ್ಕು ಸಾವಿರ ಅಡಿಯ ಶಿಖರವೊಂದನ್ನು ಹತ್ತಲು ಹೊರಟ ಒಂಬತ್ತು ಜನರ ಗುಂಪು ಅದು. ದಾರಿ ಆರಿಸುವ ಕೆಲಸವನ್ನು ಎಲ್ಲರೂ ಉದಯನಿಗೆ ಬಿಟ್ಟಿದ್ದರು. ಕೆಲವು ವರ್ಷಗಳ ಹಿಂದೆ ಹಿಮಾಲಯದಲ್ಲಿ ನಡೆದು ಬಂದವನು ಅವನೊಬ್ಬನೇ.

ಅವನು ಬರೆದಿದ್ದ: "ಐದು ದಿನದ ದಾರಿ, ಕಣಿವೆಯಿಂದ ನೇರ ಏರು: ಏಳು ಜನ. ಎಂಟು ದಿನದ ದಾರಿ, ಕಾಡು, ಹುಲ್ಲುಗಾವಲು, ಕೆರೆ, ನಿಧಾನದ ಏರು: ವಿಭಾ ಮತ್ತು ನಾನು."

ಕೆಳಗೆ ಕುಮಟಾದ ವಿಶ್ವನಾಥ ಆಮೆಯ ಚಿತ್ರ ಹಾಕಿದ್ದ.

ಮೂರು ತಿಂಗಳ ಹಿಂದೆ ಇದೇ ಗುಂಪಿನ ಯಾಣದ ನಡಿಗೆಗೆ ಅವಳು ಜ್ವರ ಇಟ್ಟುಕೊಂಡೇ ಹೋಗಿ ಹಿಂದೆ ಬಿದ್ದಿದ್ದಳು. ಆ ದಿನ ಉದಯ ಮಾತಿಲ್ಲದೆ ಅವಳ ಪಕ್ಕದಲ್ಲೇ ನಡೆದಿದ್ದ. ನೀರಿನ ಬಾಟಲಿ ಕೊಡುವಾಗ ಅವನ ಕಣ್ಣು ಅವಳ ಮುಖದ ಮೇಲೆ ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚು ನಿಂತಿತ್ತು. ಆ ಕ್ಷಣವನ್ನು ಅವಳು ಮೂರು ತಿಂಗಳು ಜೋಪಾನವಾಗಿ ಇಟ್ಟುಕೊಂಡಿದ್ದಳು. ಅದು ಬರೀ ಕನಿಕರವಾಗಿತ್ತೇನೋ ಎಂದು ಈಗ ಅನ್ನಿಸಿತು.

ಸಂಜೆ ಫೋನ್ ಮಾಡಿದಳು. ಅವನು ಹೊನ್ನಾವರದ ಪಕ್ಕದ ಕಾಸರಕೋಡ ಬಂದರಿನಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುತ್ತಿದ್ದ.

"ನನ್ನ ಕೇಳದೇ ಹೆಸರು ಹಾಕಿದ್ದು ಎಂತಕ್ಕೆ?"

"ಆ ದಾರಿ ಚಂದ ಉಂಟು, ವಿಭಾ."

"ನಿಮ್ಗೆ ನಾ ನಿಧಾನ ಅಂತ ಕಂಡಿತು. ಹೌದೋ ಅಲ್ಲವೋ?"

ಅವನು ಸ್ಪ್ಯಾನರ್ ಕೆಳಗಿಟ್ಟ ಸದ್ದು ಕೇಳಿಸಿತು.

"ಐತವಾರ ಕರಿಕಾನಮ್ಮನ ಗುಡ್ಡ ಹತ್ತುವ. ನಿಮ್ಗಿಂತ ಮುಂಚೆ ನಾ ಮೇಲೆ ಹೋದ್ರೆ ನನ್ನ ಹೆಸರು ಐದು ದಿನದ ದಾರಿಗೆ ಬದ್ಲಿ ಮಾಡ್ಬೇಕು."

ಅವನು ಹೇಳಿದ, "ಆತು."

ಐತವಾರ ಬೆಳಿಗ್ಗೆ ಅವಳು ಹಿಂದೆ ನೋಡದೆ ಹತ್ತಿದಳು. ಮೊದಲ ತಿರುವಿನವರೆಗೆ ಅವನ ಹೆಜ್ಜೆ ಕೇಳಿಸುತ್ತಿತ್ತು. ಎರಡನೆಯದರಲ್ಲಿ ಕ್ಷೀಣವಾಯಿತು. ಮೂರನೆಯ ತಿರುವಿನಲ್ಲಿ ಗೆದ್ದ ಖುಷಿಯಲ್ಲಿ ತಿರುಗಿದರೆ ದಾರಿ ಖಾಲಿ. ಕರೆದಳು. ಉತ್ತರವಿಲ್ಲ. ಸೋಲುವುದು ಇಷ್ಟವಿಲ್ಲದೆ ಮನೆಗೆ ಹೋದನೇ? ಅಂಥವನಲ್ಲ. ಹಾಗಾದರೆ?

ಅವಳು ಓಡುತ್ತಲೇ ಇಳಿದಳು.

ಉದಯ ಒಂದು ಬಂಡೆಗೆ ಒರಗಿ ಕುಳಿತಿದ್ದ. ತುಟಿಯ ಬಣ್ಣ ಸರಿಯಿರಲಿಲ್ಲ. ಅವಳನ್ನು ಕಂಡು ನಗಲು ನೋಡಿದ, ನಗುವಷ್ಟು ಉಸಿರಿರಲಿಲ್ಲ.

"ಮಾತಾಡ್ಬೇಡಿ," ಎಂದು ಅವಳು ಚೀಲದಿಂದ ಆಕ್ಸಿಮೀಟರ್ ತೆಗೆದು ಅವನ ಬೆರಳಿಗೆ ಸಿಕ್ಕಿಸಿದಳು. ಎಂಜಿನ್ನಿನ ಮಸಿ ಉಗುರಿನ ಸಂದಿಯಲ್ಲಿ ಇನ್ನೂ ಇತ್ತು. ಎಂಬತ್ತಾರು. ಆಸ್ಪತ್ರೆಯಲ್ಲಿ ದಿನಕ್ಕೆ ಐವತ್ತು ಬೆರಳು ಹಿಡಿಯುವವಳು ಇಲ್ಲಿ ಅಂಕಿಯನ್ನು ಎರಡೆರಡು ಸಲ ಓದಿದಳು. ಎಂಬತ್ತೆಂಟು. ತೊಂಬತ್ತು. ಅಂಕಿ ತೊಂಬತ್ನಾಲ್ಕಕ್ಕೆ ಏರುವವರೆಗೂ ಅವಳು ಆ ಕೈ ಬಿಡಲಿಲ್ಲ.

"ಎಷ್ಟು ದಿನದಿಂದ?"

"ಎರಡು ವರ್ಷ. ಹೊಳೆ ಸಮುದ್ರ ಸೇರೂ ಅಳಿವೆ ಬಾಯಲ್ಲಿ ಬೋಟು ಮಗುಚಿತ್ತಲ್ಲ, ಡೀಸೆಲ್ ಬೆರೆತ ನೀರು ಕುಡಿದೆ. ಆಮೇಲೆ ನ್ಯುಮೋನಿಯಾ ಆತು. ನಿಧಾನಕ್ಕೆ ಹೋದ್ರೆ ಎಂತದೂ ಇಲ್ಲ. ಜೋರು ಮಾಡಿದ್ರೆ ಹೀಂಗೆ."

"ಯಾರಿಗೂ ಹೇಳಿಲ್ಲ?"

"ಎಂಜಿನ್ ರೂಮಿನ ಹೊಗೆಯಲ್ಲಿ ಕೂತು ಮಾಡೂ ಕೆಲ್ಸ ನಂದು. ಉಸಿರು ಸಾಲದವ ಅಂತ ಗೊತ್ತಾದ್ರೆ ಯಾವ ಬೋಟಿನವ್ರು ಕರೀತ್ರು?"

ವಿಭಾಳಿಗೆ ಆಗ ಅರ್ಥವಾಯಿತು. "ಅಂದ್ರೆ ನನ್ನ ಹಿಂದೆ ಅಡಗಿದ್ರಿ. ಆಮೆ ಅನ್ನಿಸ್ಕಂಡವಳು ನಾನು."

ಅವನು ತಲೆ ತಗ್ಗಿಸಿದ. "ಅರ್ಧ ಅದೇ. ತಪ್ಪಾತು."

"ಇನ್ನರ್ಧ?"

ಅವನು ನೆಲ ನೋಡುತ್ತಲೇ ಹೇಳಿದ, "ನಿಮ್ಮ ಜೊತೆ ಐದು ದಿನ ಸಾಲೂದಿಲ್ಲ ಅಂದ್ಕಂಡೆ."

ಕೇಳಬೇಕೆಂದು ಎಷ್ಟು ಸಲ ಬಯಸಿದ್ದ ಮಾತು ಅದು. ಆದರೆ ಸಂತೋಷಕ್ಕಿಂತ ಮೊದಲು ಅವಳಿಗೆ ಬಂದದ್ದು ಭಯ. ಈ ಮನುಷ್ಯ ಹೇಳದೇ ಕೇಳದೇ ಹಿಮದಲ್ಲಿ ಹೀಗೆ ಕುಸಿದು ಕುಳಿತಿದ್ದರೆ?

"ನಾಳೆ ಡಾಕ್ಟರ ಹತ್ರ ಹೋಗುವ," ಎಂದಳು. "ಆಮೇಲೆ ಮಿಕ್ಕ ಮಾತು."

ಕುಮಟಾದ ಡಾಕ್ಟರ್ ಸುಶ್ಮಿತಾ ಅವನನ್ನು ಕಾರಿಡಾರಿನಲ್ಲಿ ಆರು ನಿಮಿಷ ನಡೆಸಿದರು, ಉಸಿರು ಅಳೆಯುವ ಕೊಳವೆಯೊಳಗೆ ಊದಿಸಿದರು, ಸ್ಕ್ಯಾನ್ ಬರೆದುಕೊಟ್ಟರು. ಹೊರಗಿನ ಬೆಂಚಿನಲ್ಲಿ ಇಬ್ಬರ ನಡುವೆ ಒಂದು ಗೇಣು ಜಾಗವಿತ್ತು. ಬಾಗಿಲು ತೆರೆದಾಗಲೆಲ್ಲ ಆ ಜಾಗ ಚೂರು ಕಡಿಮೆಯಾಯಿತು. ಸ್ಕ್ಯಾನಿನ ವರದಿ ಬರುವ ಹೊತ್ತಿಗೆ ಅವಳ ಭುಜ ಅವನ ಭುಜಕ್ಕೆ ತಾಗಿತ್ತು. ಇಬ್ಬರೂ ಅದನ್ನು ಗಮನಿಸದವರಂತೆ ಎದುರಿನ ಗೋಡೆ ನೋಡುತ್ತಿದ್ದರು.

"ಲಂಗ್ಸಿನಲ್ಲಿ ಹಳೆಯ ಕಲೆ ಉಳಿದಿದೆ," ಎಂದರು ಡಾಕ್ಟರ್. "ಸದ್ಯ ಬೆಳೀತಾ ಇಲ್ಲ. ಆದ್ರೆ ಹೊಗೆ ಬೇಡ. ಎಂಟು ಸಾವಿರ ಅಡಿಗಿಂತ ಮೇಲೆ ನಾನು ಕಳ್ಸೂದಿಲ್ಲ. ಅದೂ ನಿಧಾನವಾಗಿ ಹತ್ತಿದ್ರೆ ಮಾತ್ರ."

ಬಸ್ ಸ್ಟ್ಯಾಂಡಿನಲ್ಲಿ ವಿಭಾ ನಕ್ಷೆ ಬಿಡಿಸಿದಳು. ಕಣಿವೆಯ ದಾರಿಯಲ್ಲಿ ನಿಲ್ಲಲು ಜಾಗವೇ ಇರಲಿಲ್ಲ. ಎಂಟು ದಿನದ ದಾರಿಯಲ್ಲಿ ಮೂರನೆಯ ದಿನ ಕೆರೆಯ ದಂಡೆ, ಎಂಟು ಸಾವಿರ ಅಡಿಗೆ ಸ್ವಲ್ಪ ಕೆಳಗೆ. ಇಳಿಯುವುದೂ ಅದೇ ದಾರಿಯಲ್ಲಿ.

"ನೀವು ಇಲ್ಲಿ ನಿಲ್ಲೂದು. ನಾ ಮೇಲೆ ಹೋಗಿ ಬರ್ತೆ."

ಅವನು ಆ ಚುಕ್ಕೆಯನ್ನೇ ನೋಡಿದ. "ನೀವು ಬರೂವರೆಗೆ ನಾ ಎಂತ ಮಾಡೂದು?"

"ಕಾಯೂದು. ಆದ್ರೆ ಒಂದು ಮಾತು. ಅಡಗಿಸಿಟ್ಕಂಡವರ ಜೊತೆ ನಾ ಬರೂದಿಲ್ಲ."

ಕುಮಟಾದಿಂದ ಹೊನ್ನಾವರದವರೆಗೆ ಬಸ್ಸಿನಲ್ಲಿ ಅವನು ಗುಂಪಿಗೆ ತನ್ನ ಉಸಿರಿನ ವಿಷಯ ನಾಲ್ಕು ಸಾಲು ಬರೆದ, ಅಳಿಸಿದ, ಮತ್ತೆ ಬರೆದ. ಹೊನ್ನಾವರ ದಾಟಿ ಶರಾವತಿ ಸೇತುವೆ ಕಾಣುವಾಗ ಕಳುಹಿಸಿದ. ಓದಿದವರ ಪಟ್ಟಿಯಲ್ಲಿ ಒಂದೊಂದೇ ಹೆಸರು ಸೇರಿತು. ಅವನ ಮೊಣಕಾಲು ಕುಣಿಯುತ್ತಿತ್ತು. ಅವಳು ಅದರ ಮೇಲೆ ಕೈಯಿಟ್ಟಳು.

ಮೊದಲು ಬರೆದವನು ವಿಶ್ವನಾಥ. "ನಂಗೂ ಮಂಡಿ ನೋವು ಉಂಟು ಮಾರಾಯಾ, ಹೇಳೂಕೆ ನಾಚಿಕೆ ಆಗಿತ್ತು. ನಾನೂ ಎಂಟು ದಿನಕ್ಕೆ ಬರ್ತೆ."

ಸುದ್ದಿ ಬಂದರಿಗೂ ಹೋಯಿತು. ಎರಡು ಬೋಟಿನವರು ಉದಯನನ್ನು ಕರೆಯುವುದು ಬಿಟ್ಟರು. ದೇವಪ್ಪ ಎಂಬ ಬೋಟಿನ ಯಜಮಾನ ಮಾತ್ರ ಎಂಜಿನ್ ಎತ್ತಿಸಿ ಗಾಳಿಯಾಡುವ ಶೆಡ್ಡಿಗೇ ತಂದುಕೊಟ್ಟ. ಕೆಲಸ ಕಡಿಮೆಯಾಯಿತು, ನಿಲ್ಲಲಿಲ್ಲ.

ಮೇ ತಿಂಗಳಲ್ಲಿ, ಕೆರೆಯ ದಂಡೆಯಲ್ಲಿ ಉದಯನನ್ನು ಅಡುಗೆಯವರ ಜೊತೆ ಬಿಟ್ಟು ವಿಭಾ ವಿಶ್ವನಾಥ ಮತ್ತು ಗೈಡ್ ಜೊತೆ ಮೇಲೆ ಹೋದಳು. ನಾಲ್ಕು ದಿನ ಫೋನ್ ಸಿಗ್ನಲ್ ಇರಲಿಲ್ಲ. ಏಳನೆಯ ದಿನ ಮಧ್ಯಾಹ್ನ ಇಳಿಯುವಾಗ ದೂರದಿಂದ ಡೇರೆ ಕಂಡಿತು. ಡೇರೆಯ ಮುಂದೆ ಅವನಿರಲಿಲ್ಲ. ಅವಳು ನಡಿಗೆ ಜೋರು ಮಾಡಿದಳು.

ಆಮೇಲೆ ಕೆರೆಯ ಆಚೆ ಬದಿಯಿಂದ ಅವನು ಬರುವುದು ಕಂಡಿತು. ನಿಧಾನವಾಗಿ, ನೆಟ್ಟಗೆ.

"ಕೂತಲ್ಲಿ ಕೂರೂಕೆ ಆಗ್ಲಿಲ್ಲ," ಎಂದ. "ಕೆರೆ ಎಷ್ಟು ಸುತ್ತು ಬಂದೆನೋ ಗೊತ್ತಿಲ್ಲ. ಮೇಲೆ ಹ್ಯಾಂಗಿತ್ತು?"

"ಬರೀ ಮೋಡ. ಹತ್ತು ನಿಮಿಷ ನಿಂತೆ. ನಂಗೆ ಕೆಳಗೆ ಬರೂ ಅವಸರ ಇತ್ತು."

"ಎಂತಕ್ಕೆ?"

ಅವಳು ಅವನ ಮುಖ ನೋಡಿದಳು. ಈ ಸಲ ಇಬ್ಬರೂ ಕಣ್ಣು ತೆಗೆಯಲಿಲ್ಲ.

"ವಾಪಸ್ ಹೋದ್ಮೇಲೆ ನಮ್ಮೂರು ಬೆಳಕೆಗೆ, ನಮ್ಮನೆಗೆ ಬನ್ನಿ. ಹುಡುಗನ ಆರೋಗ್ಯ ಹ್ಯಾಂಗೆ ಅಂತ ಅಮ್ಮ ಕೇಳ್ತು. ಎಂತ ಹೇಳ್ತ್ರಿ?"

"ಇದ್ದದ್ದೇ ಹೇಳ್ತೆ. ಎಲ್ಲ." ಅವನು ಅವಳ ಬೆನ್ನಿನ ಚೀಲ ಇಳಿಸಿಕೊಂಡ. "ಅವರು ಬೇಡ ಅಂದ್ರೆ?"

"ಮರುದಿನ ಮತ್ತೆ ಬನ್ನಿ," ಎಂದಳು ವಿಭಾ, ಅವನ ತೋಳಿನೊಳಗೆ ಕೈ ಸೇರಿಸುತ್ತ. "ಬಾಗ್ಲು ತೆಗಿಯೂಕೆ ನಾ ಇರ್ತೆ."