ಅವನ ದನಿಯಲ್ಲಿ ಅವಳಾಡಿದ ಸುಳ್ಳು

ಮಾತು ಬೆಳ್ಳಿ, ಮೌನ ಬಂಗಾರ, ಮಿಮಿಕ್ರಿ ಬೆಂಕಿ. ಗಾದೆಗೆ ಬಾಲ ಕಟ್ಟಿದ್ದು ನಾನು. ಕತೆ ಮಾತ್ರ ನಿಜ.

೨೦೦೩ರ ಒಂದು ಸಂಜೆ. ಜೀವನ್ ಬಿಮಾ ನಗರದ ಆ ಮನೆಗೆ ಕಾಲಿಟ್ಟವನೇ ಭೀಮಾಶಂಕರ, ಹಾಸಿಗೆಯ ತಲೆದೆಸೆಯ ಗೂಡಿನಲ್ಲಿದ್ದ ದೇವರ ದೀಪ ಆರಿಸಿಬಿಟ್ಟ.

"ಯಾರ್ರೀ ನೀವು? ದೀಪ ಯಾಕ್ರೀ ಆರಿಸಿದ್ರಿ?" ಅಯ್ಯಮ್ಮ ಅಡುಗೆಮನೆಯಿಂದ ಓಡಿಬಂದರು.

"ಆಕ್ಸಿಜನ್ ತಂದೀನ್ರಿ ಅವ್ವಾರ." ಅವನು ಸಿಲಿಂಡರನ್ನು ಕಿಟಕಿಯ ಸರಳಿಗೆ ಬಿಗಿದ. "ಈ ಗಾಳಿ ತಾನಾಗಿ ಉರಿಯೂದಿಲ್ರಿ. ಆದರ ಒಂದು ಕಿಡಿ ಸಿಕ್ಕರ ಹಾಸಿಗಿ, ಅರಿವಿ, ಕೂದಲಾ ಎಲ್ಲಾ ಭಗ್ಗನ ಹತ್ತಿಸ್ತದ. ದೀಪ, ಊದಿನಕಡ್ಡಿ, ಬೀಡಿ... ಈ ಖೋಲ್ಯಾಗ ಯಾವುದೂ ಬ್ಯಾಡ. ಸಾಹೇಬರ ಮೂಗಿಗೆ ಎಣ್ಣಿ ಸೈತ ಹಚ್ಚಬ್ಯಾಡ್ರಿ. ದೇವರನ್ನ ಅಡಗಿಮನಿಗೆ ಒಯ್ರಿ."

"ಪ್ರತಿಷ್ಠೆ ಮಾಡಿದ ಗೂಡು ಕಣಪ್ಪಾ. ಕದಲಿಸೋ ಹಾಗಿಲ್ಲ."

ಅವನು ಹಾಸಿಗೆ ಹಿಡಿದಿದ್ದ ಮನೆಯ ಯಜಮಾನ ಹಂಪಣ್ಣನವರ ಮೂಗಿಗೆ ನಳಿಕೆ ಸಿಕ್ಕಿಸಿದ. ಅವರ ಏದುಸಿರು ನಿಧಾನವಾಯಿತು. ಬಾಗಿಲಲ್ಲಿ ನಿಂತಿದ್ದ ಮಗಳು ನಾಗರತ್ನಾಳದು ಮಾತ್ರ ಏಕೋ ಜೋರಾಯಿತು!

ವಾರಕ್ಕೆರಡು ಸಲ ಅವನು ಬರುತ್ತಿದ್ದ. ಹೋದ ಮೇಲೆ ರತ್ನಾ ಅವನ ಕಲಬುರಗಿ ಮಾತನ್ನು ಅಣಕಿಸಿ ಅಪ್ಪನನ್ನು ನಗಿಸುತ್ತಿದ್ದಳು. 'ಅಪ್ಪನಿಗೋಸ್ಕರ' ಎಂದುಕೊಳ್ಳುತ್ತಿದ್ದಳು. ನಿಜವಾಗಿ, ಅವನ ದನಿ ಮನೆಯಲ್ಲೇ ಉಳಿಯಲೆಂದು...

ದೇವರಿಗೆ ದೀಪವಿಲ್ಲದ ಆರನೇ ಶುಕ್ರವಾರ ಅಯ್ಯಮ್ಮ ಕಣ್ಣೀರಿಟ್ಟರು. ಅಂದು ಸಂಜೆ ಅಮ್ಮನನ್ನೂ ಒಮ್ಮೆ ನಗಿಸೋಣವೆಂದು ರತ್ನಾ ಇಂದಿರಾನಗರದ ತನ್ನ ಆಫೀಸಿನ ಎದುರಿನ ನಾಣ್ಯದ ಫೋನಿನಿಂದ ಮನೆಗೆ ಕರೆ ಮಾಡಿದಳು.

"ಅವ್ವಾರ, ಭೀಮಾಶಂಕರ ಮಾತಾಡೂದ್ರಿ. ಇವತ್ತ ದೀಪ ಹಚ್ರಿ. ಹೊಸಾ ಸಿಲಿಂಡರಿಗೆ ಏನೂ ಆಗೂದಿಲ್ರಿ."

"ಹೌದೇನಪ್ಪಾ? ನಿನ್ನ ಹೊಟ್ಟೆ ತಣ್ಣಗಿರಲಿ."

'ಅಮ್ಮಾ, ನಾನೇ' ಎನ್ನುವಷ್ಟರಲ್ಲಿ ಲೈನು ಕಟ್ಟಾಯಿತು. ಇನ್ನೊಂದು ನಾಣ್ಯ ಇರಲಿಲ್ಲ. ಅಮ್ಮ ದೀಪ ಹಚ್ಚುವುದು ಕತ್ತಲಾದ ಮೇಲೆ, ಅಷ್ಟರಲ್ಲಿ ಮನೆಗೆ ಹೋಗಿ ಹೇಳಿದರಾಯಿತೆಂದು ನಗುತ್ತಲೇ ಬಸ್ಸು ಹತ್ತಿದಳು.

ಮನೆ ಮುಂದೆ ಜನ ಸೇರಿದ್ದರು. ದೀಪಕ್ಕೆಂದು ಗೀರಿದ ಕಡ್ಡಿಯ ಕಿಡಿ ಹೊದಿಕೆಗೆ ಹಾರಿ ಭಗ್ಗೆಂದಿತ್ತು. ಪಕ್ಕದ ಮನೆಯವರು ಸಿಲಿಂಡರ್ ನಿಲ್ಲಿಸಿ ನೀರು ಸುರಿದಿದ್ದರು. ಅಪ್ಪ ಬದುಕಿದ್ದರು. ಕೆನ್ನೆ ಸುಟ್ಟಿತ್ತು. ಮೀಸೆ ಅರ್ಧ ಹೋಗಿತ್ತು.

"ಆ ಹುಡುಗನೇ ಫೋನ್ ಮಾಡಿ ಹಚ್ಚಿ ಅಂದ" ಎಂದು ಅಯ್ಯಮ್ಮ ಆಕ್ಸಿಜನ್ ಏಜೆನ್ಸಿಗೆ ದೂರು ಕೊಟ್ಟರು. ಅವನ ಕೆಲಸ ಹೋಯಿತು.

ರತ್ನಾ ಬಾಯಿ ಬಿಡಲಿಲ್ಲ. ಒಂದು ದಿನ... ಎರಡು ದಿನ... ಅಪ್ಪನ ಕೆನ್ನೆಯ ಬ್ಯಾಂಡೇಜು ಬದಲಿಸುವಾಗ ಅವರ ಕಣ್ಣು ತಪ್ಪಿಸುತ್ತಿದ್ದಳು. ಅವರು ಅವಳನ್ನು ನಗಿಸಲೆಂದು ಅರ್ಧ ಮೀಸೆಯನ್ನೇ ತಿರುವುತ್ತಿದ್ದರು. 'ಥೂ, ನನ್ನ ಜನ್ಮಕ್ಕಿಷ್ಟು...' ಎಂದುಕೊಳ್ಳುತ್ತಿದ್ದಳು ರತ್ನಾ.

ನಾಲ್ಕನೇ ದಿನ ಅಮ್ಮನಿಗೆ ಹೇಳಿದಳು. ಅಯ್ಯಮ್ಮ ಬೈಯಲಿಲ್ಲ, ಮುಖ ತಿರುಗಿಸಿದರು. ಬೈದಿದ್ದರೆ ವಾಸಿಯಿತ್ತು.

ನೇರವಾಗಿ ಹಲಸೂರಿನ ಏಜೆನ್ಸಿಗೆ ಹೋದಳು. ಯೂನಿಫಾರ್ಮ್ ಹಿಂತಿರುಗಿಸಲು ಬಂದ ಭೀಮಾಶಂಕರ ಅಲ್ಲೇ ನಿಂತಿದ್ದ.

"ಫೋನ್ ಮಾಡಿದ್ದು ನಾನು ಸಾರ್. ಇವರಲ್ಲ."

ಮಾಲೀಕ ಪೀರಪ್ಪ ತಲೆಯಾಡಿಸಿದರು. "ಇವನನ್ನ ಉಳಿಸೋಕೆ ಹೇಳ್ತಿದ್ದೀಯಮ್ಮಾ. ಗಂಡಸಿನ ದನಿ ಅಂತ ನಿಮ್ಮಮ್ಮನೇ ಹೇಳಿದ್ರು."

ಬೇರೆ ದಾರಿಯಿರಲಿಲ್ಲ. ತಲೆ ತಗ್ಗಿಸಿ ಅವನ ದನಿ ತೆಗೆದಳು. "ಪೀರಪ್ಪ ಸಾಹೇಬ್ರ, ತಪ್ಪು ನನ್ನದಲ್ರಿ. ಆ ಹುಡುಗೀದು. ಆಕಿಗೆ ಬುದ್ಧಿ ಇಲ್ರಿ..." ಮಾತು ನಡುವೆಯೇ ಒಡೆದು ಅಳುವಾಯಿತು.

ಪೀರಪ್ಪ ಕುರ್ಚಿಯಿಂದೆದ್ದರು. "ಆ ಯೂನಿಫಾರ್ಮ್ ನೀನೇ ಇಟ್ಕೊಳ್ಳಯ್ಯಾ. ನಾಳೆ ಬಾ."

ಭೀಮಾಶಂಕರನ ಮುಖ ಸಡಿಲಲಿಲ್ಲ. "ನಾಕು ದಿನ ನನ್ನ ಮ್ಯಾಲ ನನಗ ಅನುಮಾನ. ಯಾವ ಗ್ಯಾನದಾಗ ನಾನೇ ಹಂಗಂದ್ನೋ ಅಂತ... ನಿಮ್ಮಪ್ಪಾರು ಹೆಂಗದಾರ?"

"ಉಸಿರಾಡ್ತಿದ್ದಾರೆ. ಕ್ಷಮಿಸಿ ಅನ್ನೋಕೂ ನಂಗೆ ಮುಖ ಇಲ್ಲ."

ಅವನು ಯೂನಿಫಾರ್ಮನ್ನು ಮಡಚಿ ಕಂಕುಳಲ್ಲಿಟ್ಟುಕೊಂಡ. "ನನ್ನ ದನಿ ಯಾವಾಗ ಕಲಿತ್ರಿ?"

"ನೀವು ಹೋದ್ಮೇಲೆ... ದಿನಾ."

"ಯಾಕ? ನಿಮ್ಮ ದನಿಯೊಳಗ ಹೇಳ್ರಿ."

"ನೀವಂದ್ರೆ ಇಷ್ಟ. ಅದಕ್ಕೆ."

ಅವನು ಕತ್ತು ಕೆರೆದುಕೊಂಡ. "ನಾ ಹಂಗ ಮೂಗಿನಾಗ ಮಾತಾಡ್ತೀನೇನ್ರಿ?"

ಅವಳು ಕಣ್ಣೊರೆಸಿಕೊಂಡು ಮೆಲ್ಲಗೆ ಅಂದಳು, "ಇನ್ನೂ ಜಾಸ್ತಿ."

ಪೀರಪ್ಪ ನಕ್ಕರು. ಒಳಗಿದ್ದ ಗುಮಾಸ್ತ ನಕ್ಕ. ಇಬ್ಬರ ನಗುವೂ ಮುಳುಗುವಷ್ಟು ಜೋರಾಗಿ ನಕ್ಕವನು ಭೀಮಾಶಂಕರ.